ಮನೆಯಲ್ಲೇ ಸಾಬೂನು ಮತ್ತು ಸ್ನಾನದ ಪುಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳಿಂದ ನಮ್ಮ ಮನೆಯ ಬಳಕೆಗೆ ಬೇಕಾದ ಸಾಬೂನನ್ನು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದೇನೆ. ನೆಂಟರು ಮತ್ತು ನೆರೆಹೊರೆಯವರು ಈ ಕೆಲಸದ ಬಗ್ಗೆ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಸಾಬೂನನ್ನು ಮೊದಲ ಬಾರಿ ಮಾಡುವವರು ಸುರಕ್ಷತೆ ಮತ್ತು ತೂಕದ ಕುರಿತ ಉತ್ತರಗಳನ್ನು ಓದದೆ ಕೆಲಸಕ್ಕೆ ಕೈ ಹಾಕಬಾರದೆಂದು ಕೋರುತ್ತೇನೆ.

ಕಾಸ್ಟಿಕ್ ಸೋಡಾ ಹಾಕದೆ ಸಾಬೂನು ಮಾಡಬಹುದೇ?

ಆಗುವುದಿಲ್ಲ. ಎಣ್ಣೆ ಅಥವಾ ಕೊಬ್ಬು ಪ್ರಬಲವಾದ ಕ್ಷಾರದೊಡನೆ ಬೆರೆತು, ಎಣ್ಣೆಯೂ ಅಲ್ಲದ ಕ್ಷಾರವೂ ಅಲ್ಲದ ಮೂರನೆಯ ವಸ್ತುವಾಗಿ ಮಾರ್ಪಟ್ಟಾಗ ಅದು ಸಾಬೂನಾಗುತ್ತದೆ. ಗಟ್ಟಿ ಬಿಲ್ಲೆಗೆ ಬೇಕಾಗುವ ಕ್ಷಾರ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ. ದ್ರವ ಸಾಬೂನಿಗೆ ಬೇಕಾಗುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಅಳತೆ ಸರಿಯಾಗಿದ್ದರೆ ಸಿದ್ಧವಾದ ಬಿಲ್ಲೆಯಲ್ಲಿ ಕಾಸ್ಟಿಕ್ ಸೋಡಾ ಉಳಿಯುವುದಿಲ್ಲ. ಸಾಬೂನಿನ ಜೊತೆಗೆ ಹುಟ್ಟಿದ ಗ್ಲಿಸರಿನ್ ಮಾತ್ರ ಅದರಲ್ಲೇ ಉಳಿಯುತ್ತದೆ. ದೊಡ್ಡ ಕಾರ್ಖಾನೆಗಳು ಸಾಮಾನ್ಯವಾಗಿ ಈ ಗ್ಲಿಸರಿನ್ನನ್ನು ಬೇರ್ಪಡಿಸಿ ಬೇರೆ ಕಡೆ ಮಾರುತ್ತವೆ. ಮನೆಯ ಸಾಬೂನಿನಲ್ಲಿ ಅದು ನಮ್ಮ ಪಾಲಿಗೇ ದಕ್ಕುತ್ತದೆ.

'ಕಾಸ್ಟಿಕ್ ಸೋಡಾ ಇಲ್ಲದ ಸಾಬೂನು' ಎಂದು ವಿಡಿಯೋಗಳಲ್ಲಿ ತೋರಿಸುವುದು ಕರಗಿಸಿ ಅಚ್ಚಿಗೆ ಸುರಿಯುವ ಸೋಪ್ ಬೇಸ್ ಅನ್ನು. ಅದರಲ್ಲಿಯೂ ಕಾಸ್ಟಿಕ್ ಸೋಡಾ ತನ್ನ ಕೆಲಸ ಮಾಡಿಯೇ ಇರುತ್ತದೆ; ಆ ಕೆಲಸವನ್ನು ಕಾರ್ಖಾನೆಯವರು ಮೊದಲೇ ಮುಗಿಸಿರುತ್ತಾರೆ, ಅಷ್ಟೇ. ಪ್ಯಾಕೆಟ್ ಹಾಲು ತಂದು ಕಾಯಿಸಿದವರು ಹಸು ಸಾಕಿದ್ದೇವೆ ಎನ್ನಲಾಗದು. ಹಾಗೆಂದು ಅದನ್ನು ಹಗುರವಾಗಿ ಕಾಣಬೇಕಾಗಿಯೂ ಇಲ್ಲ. ಅಂಬೆಗಾಲಿಡುವ ಮಕ್ಕಳಿರುವ, ಅಡುಗೆಮನೆಗೆ ಬಾಗಿಲಿಲ್ಲದ ಮನೆಗಳಿಗೆ ನಾನು ಸೂಚಿಸುವುದು ಅದನ್ನೇ.

ಅಡುಗೆ ಸೋಡಾ, ಸುಣ್ಣ, ಬೂದಿಯ ನೀರು ಬಳಸಿದರೆ ಸಾಲದೇ?

ಅಡುಗೆ ಸೋಡಾ ಎಣ್ಣೆಯನ್ನು ಸಾಬೂನಾಗಿಸುವಷ್ಟು ಪ್ರಬಲವಲ್ಲ. ವಾಷಿಂಗ್ ಸೋಡಾ ಅದಕ್ಕಿಂತ ತೀಕ್ಷ್ಣವಾದರೂ ಒಳ್ಳೆಯ ಎಣ್ಣೆಯ ಮುಂದೆ ಅದರ ಆಟ ನಡೆಯುವುದಿಲ್ಲ. ಸುಣ್ಣವು ಎಣ್ಣೆಯೊಡನೆ ಸೇರಿ ಕೊಡುವ ಕ್ಯಾಲ್ಸಿಯಂ ಸಾಬೂನು ನೀರಿನಲ್ಲಿ ಕರಗುವುದೂ ಇಲ್ಲ, ನೊರೆ ಕೊಡುವುದೂ ಇಲ್ಲ. ಬೂದಿಯ ನೀರನ್ನು ಬಸಿದು, ಇಂಗಿಸಿ, ಎಣ್ಣೆಯೊಡನೆ ಬಹಳ ಹೊತ್ತು ಕುದಿಸಿದರೆ ಮೆತ್ತನೆಯ ಮುದ್ದೆಯಂತಹ ಸಾಬೂನು ಸಿಗುವುದುಂಟು. ಆದರೆ ಪ್ರತಿ ಸಲವೂ ಅದರ ತೀಕ್ಷ್ಣತೆ ಬೇರೆಯಾಗಿರುವುದರಿಂದ ಲೆಕ್ಕ ಕೂರುವುದಿಲ್ಲ. ಹಿಂದೆ ಅಗಸರು ಬಟ್ಟೆಯನ್ನು ಚೌಳು ಮಣ್ಣಿನಲ್ಲಿ ಅದ್ದಿ ಬೇಯಿಸಿ ಒಗೆಯುತ್ತಿದ್ದುದು ಅದರಲ್ಲಿರುವ ಸೋಡಿಯಂ ಕಾರ್ಬೊನೇಟಿನ ಬಲದಿಂದ. ಬಟ್ಟೆ ತಾಳಿದ್ದನ್ನೆಲ್ಲ ಮೈ ತಾಳಬೇಕೆಂದಿಲ್ಲ.

ಯಾವ ಕಾಸ್ಟಿಕ್ ಸೋಡಾ ತರಬೇಕು?

ರಾಸಾಯನಿಕ ವಸ್ತುಗಳನ್ನು ಮಾರುವ ಅಂಗಡಿಯಲ್ಲಿ ಬಿಳಿಯ ಚಕ್ಕೆ ಅಥವಾ ಸಣ್ಣ ಹರಳಿನ ರೂಪದಲ್ಲಿ ಸಿಗುವ, ಶೇ. 98ರ ಆಸುಪಾಸಿನ ಶುದ್ಧತೆಯನ್ನು ಚೀಟಿಯ ಮೇಲೆ ನಮೂದಿಸಿರುವ ಕಾಸ್ಟಿಕ್ ಸೋಡಾ ತನ್ನಿರಿ. ಬಚ್ಚಲ ಕೊಳವೆ ಕಟ್ಟಿಕೊಂಡಾಗ ಸುರಿಯುವ ಪುಡಿಯನ್ನು ಇದಕ್ಕೆ ಬಳಸಲೇಬಾರದು. ಅವುಗಳಲ್ಲಿ ಅಲ್ಯೂಮಿನಿಯಂ ಚೂರು ಮತ್ತಿತರ ವಸ್ತುಗಳನ್ನು ಬೆರೆಸಿರುವುದುಂಟು. ಕಾಸ್ಟಿಕ್ ಸೋಡಾ ಗಾಳಿಯ ತೇವವನ್ನು ಹೀರಿ ಜಿನುಗುತ್ತದೆ. ಆದ್ದರಿಂದ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮೇಲೆ ದೊಡ್ಡದಾಗಿ ಹೆಸರು ಬರೆದು, ಸಕ್ಕರೆ ಮತ್ತು ಕಲ್ಲುಪ್ಪಿನ ಡಬ್ಬಿಗಳಿಂದ ದೂರವಾಗಿ, ಮಕ್ಕಳ ಕೈಗೆ ಎಟುಕದಂತೆ ಇಡಬೇಕು.

ಯಾವ ಯಾವ ಎಚ್ಚರಿಕೆ ಅಗತ್ಯ?

ಎಲ್ಲಕ್ಕಿಂತ ಮೊದಲು ಸುರಿಯುವ ಕ್ರಮ. ಪಾತ್ರೆಯಲ್ಲಿರುವ ತಣ್ಣೀರಿಗೆ ಕಾಸ್ಟಿಕ್ ಸೋಡಾವನ್ನು ಸ್ವಲ್ಪಸ್ವಲ್ಪವೇ ಉದುರಿಸುತ್ತಾ ಕಲಕಬೇಕು. ಕಾಸ್ಟಿಕ್ ಸೋಡಾದ ಮೇಲೆ ನೀರನ್ನು ಎಂದಿಗೂ ಸುರಿಯಬಾರದು. ಹಾಗೆ ಸುರಿದರೆ ನೀರು ಒಮ್ಮೆಲೇ ಕುದಿದು ಮುಖಕ್ಕೆ ಎರಚುತ್ತದೆ. ಸರಿಯಾದ ಕ್ರಮದಲ್ಲಿ ಬೆರೆಸಿದರೂ ಒಲೆಯ ಹಂಗಿಲ್ಲದೆ ನೀರು 80 ಡಿಗ್ರಿಗಿಂತ ಹೆಚ್ಚು ಕಾಯಬಹುದು, ಗಂಟಲು ಕಟ್ಟುವಂತಹ ಹಬೆ ಏಳಬಹುದು. ಕಿಟಕಿ ತೆರೆದಿಟ್ಟು, ಮುಖವನ್ನು ಪಾತ್ರೆಯ ಮೇಲೆ ಬಾಗಿಸದೆ ಈ ಕೆಲಸ ಮಾಡಬೇಕು.

ಪಾತ್ರೆ ಸ್ಟೀಲಿನದಾಗಲಿ, ದಪ್ಪನೆಯ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನದಾಗಲಿ ಇರಲಿ. ಅಲ್ಯೂಮಿನಿಯಂ ಪಾತ್ರೆ ಕೂಡದು: ಕ್ಷಾರವು ಆ ಲೋಹವನ್ನು ತಿಂದುಹಾಕುತ್ತಾ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನು ಹೊರಬಿಡುತ್ತದೆ. ಗಾಜಿನ ಪಾತ್ರೆ ದಿನ ಕಳೆದಂತೆ ಸವೆದು ಒಂದು ದಿನ ಬಿಸಿಗೆ ಬಿರಿಯುತ್ತದೆ. ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ, ಮೊಣಕೈವರೆಗಿನ ರಬ್ಬರ್ ಕೈಗವಸು, ತುಂಬುತೋಳಿನ ಹತ್ತಿ ಬಟ್ಟೆ, ಕಾಲಿಗೆ ಮುಚ್ಚಿದ ಪಾದರಕ್ಷೆ ಇರಬೇಕು.

ಮೈಮೇಲೆ ಹನಿ ಬಿದ್ದರೆ ಹರಿಯುವ ನಲ್ಲಿ ನೀರಿನಲ್ಲಿ 15ರಿಂದ 20 ನಿಮಿಷ ಬಿಡದೆ ತೊಳೆಯಬೇಕು. ವಿನಿಗರ್ ಅಥವಾ ನಿಂಬೆರಸ ಹಚ್ಚಬಾರದು, ಅವು ಕ್ಷಾರದೊಡನೆ ಸೇರಿದಾಗ ಹುಟ್ಟುವ ಶಾಖವೂ ಚರ್ಮವನ್ನು ಸುಡುತ್ತದೆ. ಕಣ್ಣಿಗೆ ಬಿದ್ದರೆ ತಕ್ಷಣ ಅಷ್ಟೇ ಹೊತ್ತು ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಲು ಯತ್ನಿಸದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಯಾವ ಎಣ್ಣೆ ಒಳ್ಳೆಯದು?

ಒಂದೇ ಎಣ್ಣೆಯಲ್ಲಿ ಎಲ್ಲ ಗುಣವೂ ಇರುವುದಿಲ್ಲ. ತೆಂಗಿನೆಣ್ಣೆ ಬಿಲ್ಲೆಯನ್ನು ಗಟ್ಟಿ ಮಾಡುತ್ತದೆ, ಧಾರಾಳವಾಗಿ ನೊರೆ ಕೊಡುತ್ತದೆ, ಆದರೆ ಪ್ರಮಾಣ ಮಿತಿಮೀರಿದರೆ ಮೈಯಲ್ಲಿರುವ ಜಿಡ್ಡನ್ನೆಲ್ಲ ಎಳೆದುಕೊಂಡು ಚರ್ಮವನ್ನು ಬಿರಿಸುತ್ತದೆ. ಅಕ್ಕಿ ತೌಡಿನ ಎಣ್ಣೆ, ಕಡಲೆಕಾಯಿ ಎಣ್ಣೆ ಮತ್ತು ಆಲಿವ್ ಎಣ್ಣೆ ಮೃದುವಾದ ಸಾಬೂನು ಕೊಡುತ್ತವೆ. ಅವುಗಳಿಂದಷ್ಟೇ ಮಾಡಿದ ಬಿಲ್ಲೆ ನಿಧಾನವಾಗಿ ಗಟ್ಟಿಯಾಗುತ್ತದೆ, ನೊರೆಯೂ ಕಡಿಮೆ. ಹರಳೆಣ್ಣೆಯನ್ನು ಶೇ. 5ರಿಂದ 10ರಷ್ಟು ಬೆರೆಸಿದರೆ ನೊರೆ ಬೇಗ ಒಡೆಯದೆ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಾದರೆ ಬಿಲ್ಲೆ ಅಂಟಂಟಾಗುತ್ತದೆ. ಸೂರ್ಯಕಾಂತಿ ಎಣ್ಣೆ ಅಗ್ಗವೆಂದು ಅದನ್ನೇ ಹೆಚ್ಚು ಹಾಕಿದರೆ ಕೆಲವೇ ತಿಂಗಳಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು ಮೂಡಿ ಕಮಟು ವಾಸನೆ ಬರತೊಡಗುತ್ತದೆ.

ನಮ್ಮ ಕಡೆಯ ಎಣ್ಣೆಗಳ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಉತ್ತರ ಕನ್ನಡದ ಕಡೆ ಮುರುಗಲು ಬೀಜದಿಂದ ತೆಗೆಯುವ ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚುವುದನ್ನು ಬಹಳ ಮಂದಿ ಬಲ್ಲರು. ಅದೇ ತುಪ್ಪ ಶೇ. 10ರಷ್ಟು ಸೇರಿದರೆ ಬಿಲ್ಲೆ ಗಟ್ಟಿಯಾಗಿಯೂ ಮುಟ್ಟಲು ನುಣುಪಾಗಿಯೂ ಬರುತ್ತದೆ. ಬಯಲುಸೀಮೆಯ ಹಿಪ್ಪೆ ಎಣ್ಣೆಯೂ ಸಾಬೂನಿಗೆ ಚೆನ್ನಾಗಿ ಒಗ್ಗುತ್ತದೆ. ಬೇವಿನೆಣ್ಣೆ ಮತ್ತು ಹೊಂಗೆ ಎಣ್ಣೆಗಳ ವಾಸನೆ ಎಂತಹ ಸುಗಂಧಕ್ಕೂ ಮಣಿಯುವುದಿಲ್ಲವಾದ್ದರಿಂದ ಅವುಗಳನ್ನು ಶೇ. 10ರೊಳಗೆ ಇಡುವುದು ಲೇಸು. ಬಜ್ಜಿ ಕರಿದು ಉಳಿದ ಎಣ್ಣೆಯನ್ನು ಸೋಸಿ ಸಾಬೂನು ಮಾಡಬಹುದು, ಆದರೆ ಅದು ಪಾತ್ರೆ ತೊಳೆಯುವುದಕ್ಕೆ ಸರಿ, ಮೈಗಲ್ಲ.

ಮೊದಲ ಸಲ ಮಾಡುವವರಿಗೆ ಒಂದು ನಿಖರವಾದ ಅಳತೆ ಕೊಡಬಹುದೇ?

ತೆಂಗಿನೆಣ್ಣೆ 200 ಗ್ರಾಂ, ಅಕ್ಕಿ ತೌಡಿನ ಎಣ್ಣೆ 250 ಗ್ರಾಂ, ಹರಳೆಣ್ಣೆ 50 ಗ್ರಾಂ, ಕಾಸ್ಟಿಕ್ ಸೋಡಾ 71 ಗ್ರಾಂ, ನೀರು 145 ಗ್ರಾಂ. ಇದರಿಂದ ಸುಮಾರು 100 ಗ್ರಾಮಿನ ಏಳು ಬಿಲ್ಲೆಗಳಾಗುತ್ತವೆ.

71 ಎಂಬ ಅಂಕಿ ಬಂದ ಬಗೆಯನ್ನು ತಿಳಿದುಕೊಂಡರೆ ಮುಂದೆ ನಿಮ್ಮ ಅಳತೆಯನ್ನು ನೀವೇ ಹಾಕಿಕೊಳ್ಳಬಹುದು. ಒಂದು ಗ್ರಾಂ ಎಣ್ಣೆ ಪೂರ್ತಿ ಸಾಬೂನಾಗಲು ಇಂತಿಷ್ಟೇ ಕ್ಷಾರ ಬೇಕೆಂಬ ಲೆಕ್ಕ ಪ್ರತಿ ಎಣ್ಣೆಗೂ ಇದೆ: ತೆಂಗಿನೆಣ್ಣೆಗೆ ಸುಮಾರು 0.183 ಗ್ರಾಂ, ಅಕ್ಕಿ ತೌಡಿನ ಎಣ್ಣೆಗೂ ಹರಳೆಣ್ಣೆಗೂ 0.128 ಗ್ರಾಂ, ಕಡಲೆಕಾಯಿ ಎಣ್ಣೆಗೆ 0.136 ಗ್ರಾಂ, ಆಲಿವ್ ಎಣ್ಣೆಗೆ 0.134 ಗ್ರಾಂ. ಮೇಲಿನ ಅಳತೆಗೆ 36.6, 32 ಮತ್ತು 6.4 ಸೇರಿ 75 ಗ್ರಾಂ ಆಗುತ್ತದೆ. ಅದರಲ್ಲಿ ಶೇ. 5ರಷ್ಟನ್ನು ಬೇಕೆಂದೇ ಕಡಿತ ಮಾಡಿದರೆ 71 ಗ್ರಾಂ ಉಳಿಯುತ್ತದೆ. ಈ ಕಡಿತದಿಂದ ಸ್ವಲ್ಪ ಎಣ್ಣೆ ಸಾಬೂನಾಗದೆ ಹಾಗೆಯೇ ಉಳಿದು ಚರ್ಮವನ್ನು ಕಾಯುತ್ತದೆ, ತೂಕದಲ್ಲಾಗುವ ಸಣ್ಣ ತಪ್ಪನ್ನೂ ಅದು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಎಣ್ಣೆ ಬದಲಾಯಿಸಿದರೆ ಲೆಕ್ಕವನ್ನು ಮೊದಲಿನಿಂದ ಮಾಡಬೇಕು. ತೆಂಗಿನೆಣ್ಣೆಯೊಂದರಿಂದಲೇ ಮೈ ಸಾಬೂನು ಮಾಡುವುದಾದರೆ ಕಡಿತವನ್ನು ಶೇ. 20ಕ್ಕೆ ಏರಿಸದಿದ್ದರೆ ಅದು ಬಟ್ಟೆ ಸೋಪಿನಂತೆಯೇ ಮೈಯನ್ನು ಒಣಗಿಸುತ್ತದೆ.

ಕ್ಷಾರದ ನೀರೂ ಎಣ್ಣೆಯೂ ಎರಡೂ 40 ಡಿಗ್ರಿಯ ಹತ್ತಿರ ಇದ್ದಾಗ, ಅಂದರೆ ಪಾತ್ರೆಯ ಹೊರಮೈ ಉಗುರು ಬೆಚ್ಚಗೆನಿಸುವಾಗ, ನೀರನ್ನು ಎಣ್ಣೆಗೆ ಸಣ್ಣ ಧಾರೆಯಾಗಿ ಸುರಿದು ಹ್ಯಾಂಡ್ ಬ್ಲೆಂಡರ್‌ನಿಂದ ತಡೆತಡೆದು ತಿರುಗಿಸಬೇಕು.

ಗ್ರಾಂ ಬದಲು ಲೋಟ, ಲೀಟರ್ ಲೆಕ್ಕದಲ್ಲಿ ಹಾಕಿದರೆ ಏನಾಗುತ್ತದೆ?

ಏನಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಮೊದಲ ಸಾಬೂನಿಗೆ ಕಾಸ್ಟಿಕ್ ಸೋಡಾವನ್ನು ತಕ್ಕಡಿಯಲ್ಲಿಟ್ಟು ತೂಗಿದೆ, ಎಣ್ಣೆಯನ್ನು ಮಾತ್ರ ಅಡುಗೆಮನೆಯ ಅಳತೆ ಲೋಟದಲ್ಲಿ 500 ಮಿಲಿ ಸುರಿದೆ. ಎಣ್ಣೆ ನೀರಿಗಿಂತ ಹಗುರವೆಂಬುದು ಶಾಲೆಯಲ್ಲಿ ಕಲಿತ ಪಾಠವೇ, ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. 500 ಮಿಲಿ ಎಣ್ಣೆಯ ತೂಕ ಸುಮಾರು 460 ಗ್ರಾಂ. ಅಷ್ಟು ಎಣ್ಣೆ 69 ಗ್ರಾಂ ಕಾಸ್ಟಿಕ್ ಸೋಡಾವನ್ನು ಮಾತ್ರ ಜೀರ್ಣಿಸಿಕೊಳ್ಳಬಲ್ಲದು, ನಾನು ಹಾಕಿದ್ದು 71. ಕೇವಲ ಎರಡು ಗ್ರಾಂ ವ್ಯತ್ಯಾಸ. ಮರುದಿನ ಚಾಕು ಇಟ್ಟಾಗ ಬಿಲ್ಲೆ ಹಳೆಯ ಗೋಡೆಯ ಗಾರೆಯಂತೆ ಪುಡಿಪುಡಿಯಾಗಿ ಉದುರಿತು, ಒಂದು ಚೂರಿನಿಂದ ಕೈ ತೊಳೆದರೆ ಬೆರಳ ಸಂದಿಯಲ್ಲಿ ಉರಿ ಹತ್ತಿತು. ಆಮೇಲೆ ಎಣ್ಣೆ ಪ್ಯಾಕೆಟ್ಟನ್ನು ತಿರುಗಿಸಿ ನೋಡಿದರೆ '1 ಲೀಟರ್, 910 ಗ್ರಾಂ' ಎಂದು ಅದರ ಮೇಲೆಯೇ ಅಚ್ಚಾಗಿತ್ತು.

ಆದ್ದರಿಂದ ನೀರನ್ನೂ ಸೇರಿಸಿ ಎಲ್ಲವನ್ನೂ ತೂಗಿಯೇ ಹಾಕಬೇಕು. ಒಂದು ಗ್ರಾಮಿನ ವ್ಯತ್ಯಾಸವನ್ನೂ ತೋರಿಸುವ ಡಿಜಿಟಲ್ ತಕ್ಕಡಿ ಇಲ್ಲದಿದ್ದರೆ ಸಾಬೂನಿನ ಕೆಲಸವನ್ನು ಅದು ಸಿಗುವವರೆಗೆ ಮುಂದೂಡುವುದು ಒಳ್ಳೆಯದು.

ಹದ ಬಂದಿದೆಯೆಂದು ತಿಳಿಯುವುದು ಹೇಗೆ?

ತಿರುಗಿಸುತ್ತಾ ಹೋದಂತೆ ಎಣ್ಣೆಯ ಹೊಳಪು ಮಾಸಿ ಮಿಶ್ರಣ ಮಜ್ಜಿಗೆಹುಳಿಯಷ್ಟು ದಪ್ಪವಾಗುತ್ತದೆ, ಆಮೇಲೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಸೌಟಿನಿಂದ ಸ್ವಲ್ಪ ಎತ್ತಿ ಮೇಲಿನಿಂದ ಇಳಿಬಿಟ್ಟಾಗ ಬಿದ್ದ ಎಳೆ ತಕ್ಷಣ ಮುಳುಗದೆ ಒಂದು ಕ್ಷಣ ಗೆರೆಯಾಗಿ ನಿಂತರೆ ಹದ ಬಂದಿದೆ. ಸುಗಂಧ, ಪುಡಿ ಮುಂತಾದವನ್ನು ಆಗ ಬೆರೆಸಿ ಅಚ್ಚಿಗೆ ಸುರಿಯಬೇಕು. ಇಡ್ಲಿ ಹಿಟ್ಟಿನಷ್ಟು ಗಟ್ಟಿಯಾಗುವವರೆಗೆ ಕಾದರೆ ಅಚ್ಚಿನ ಮೂಲೆಗಳಿಗೆ ಇಳಿಯದೆ ಒಳಗೆ ಗಾಳಿಗುಳಿಗಳು ಉಳಿಯುತ್ತವೆ. ಹ್ಯಾಂಡ್ ಬ್ಲೆಂಡರ್‌ನಿಂದ ಐದು ಹತ್ತು ನಿಮಿಷದಲ್ಲಿ ಆಗುವ ಈ ಕೆಲಸಕ್ಕೆ ಕೈಯಿಂದ ಕಡೆದರೆ ಒಂದು ಗಂಟೆಯೂ ಹಿಡಿಯಬಹುದು. ಸಾಬೂನಿಗೆ ಬಳಸಿದ ಸೌಟು, ಬ್ಲೆಂಡರ್, ಪಾತ್ರೆಗಳು ಮತ್ತೆ ಅಡುಗೆಗೆ ಹೋಗಬಾರದು.

ಅಚ್ಚಿನಿಂದ ತೆಗೆದ ಕೂಡಲೇ ಬಳಸಬಹುದೇ?

ಬೇಡ. ಅಚ್ಚಿಗೆ ಸಿಲಿಕಾನ್ ಅಚ್ಚೇ ಆಗಬೇಕೆಂದಿಲ್ಲ, ಒಳಗೆ ಬೇಕಿಂಗ್ ಕಾಗದ ಹಾಸಿದ ರಟ್ಟಿನ ಪೆಟ್ಟಿಗೆಯೂ ಸಾಕು. ಒಂದೆರಡು ದಿನದಲ್ಲಿ ಗಟ್ಟಿಯಾದ ಮೇಲೆ ಕೈಗವಸು ಹಾಕಿಕೊಂಡೇ ಹೊರತೆಗೆದು, ಬೆಣ್ಣೆಮುರುಕಿನ ಗಟ್ಟಿಗೆ ಹೋಗುವ ಮೊದಲೇ ಕತ್ತರಿಸಿ, ಗಾಳಿಯಾಡುವ ನೆರಳಿನಲ್ಲಿ ಒಂದಕ್ಕೊಂದು ತಾಗದಂತೆ ನಾಲ್ಕರಿಂದ ಆರು ವಾರ ಇಡಬೇಕು. ಕ್ಷಾರ ಮತ್ತು ಎಣ್ಣೆಯ ಕ್ರಿಯೆ ಬಹುಪಾಲು ಎರಡು ದಿನದಲ್ಲೇ ಮುಗಿಯುತ್ತದೆ; ವಾರಗಟ್ಟಲೆ ಇಡುವುದು ಬಿಲ್ಲೆಯೊಳಗಿನ ನೀರು ಆರಲೆಂದು. ಹಸಿಯಾಗಿ ಬಳಸಿದರೆ ಸೋಪಿನ ಪೆಟ್ಟಿಗೆಯಲ್ಲೇ ಕರಗಿ ಲೋಳೆಯಾಗುತ್ತದೆ. ಪ್ರತಿ ವಾರ ಒಂದು ಬಿಲ್ಲೆಯನ್ನು ತೂಗಿ ಅದರ ಅಡಿಯಲ್ಲೇ ಚೀಟಿಯಲ್ಲಿ ಬರೆದಿಟ್ಟರೆ ತೂಕ ಇಳಿಯುವುದು ನಿಂತಾಗ ಅದು ಒಣಗಿದೆಯೆಂದು ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಬಿಲ್ಲೆಯ ಮೇಲೆ ನೀರಿನ ಹನಿ ಕಾಣುತ್ತಿದೆ. ಕೆಟ್ಟಿದೆಯೇ?

ಕೆಟ್ಟಿಲ್ಲ, ಬೆವರುತ್ತಿದೆ. ಬಿಲ್ಲೆಯಲ್ಲಿರುವ ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೀಗಾಗುವುದು ಸಹಜ. ಅದನ್ನು ಒರೆಸಿ ಫ್ಯಾನಿನ ಗಾಳಿಗೆ ಇಟ್ಟರೆ ಸಾಕು. ಮಳೆ ಹಿಡಿಯುವ ಮೊದಲೇ, ಮಾರ್ಚ್ ಏಪ್ರಿಲ್ ತಿಂಗಳಲ್ಲಿ, ವರ್ಷಕ್ಕೆ ಬೇಕಾದಷ್ಟು ಸಾಬೂನನ್ನು ಹಪ್ಪಳ ಸಂಡಿಗೆಯ ಜೊತೆಗೇ ಮಾಡಿಟ್ಟುಕೊಳ್ಳುವುದು ನಮ್ಮ ಮನೆಯ ರೂಢಿ. ವ್ಯತ್ಯಾಸವಿಷ್ಟೇ, ಸಂಡಿಗೆಗೆ ಬಿಸಿಲು ಬೇಕು, ಸಾಬೂನಿಗೆ ನೆರಳು.

ಕ್ಷಾರ ಉಳಿದಿಲ್ಲವೆಂದು ಪರೀಕ್ಷಿಸುವುದು ಹೇಗೆ?

ಸಾಬೂನಿನ ಪಿಎಚ್ ಸಹಜವಾಗಿಯೇ 9ರಿಂದ 10ರ ನಡುವೆ ಇರುತ್ತದೆ. ಅದನ್ನು ಚರ್ಮದ ಮಟ್ಟಕ್ಕೆ, ಅಂದರೆ 5.5ರ ಹತ್ತಿರಕ್ಕೆ ಇಳಿಸಲು ಹೊರಟರೆ ಅದು ಸಾಬೂನಾಗಿ ಉಳಿಯದೆ ಒಡೆದು ಎಣ್ಣೆಯ ಆಮ್ಲವಾಗಿಬಿಡುತ್ತದೆ. 'ಪಿಎಚ್ 5.5' ಎಂದು ಬರೆದಿರುವ ಬಿಲ್ಲೆಗಳು ರಾಸಾಯನಿಕವಾಗಿ ಸಾಬೂನಲ್ಲ, ಬೇರೆ ಮಾರ್ಜಕಗಳಿಂದ ಮಾಡಿದವು. ಶಾಲೆಯ ಪ್ರಯೋಗಾಲಯದಲ್ಲಿ ಕಾಣುವ ಫಿನಾಲ್ಫ್ತಲೀನ್ ದ್ರಾವಣದ ಒಂದು ಹನಿಯನ್ನು ಒದ್ದೆ ಮಾಡಿದ ಬಿಲ್ಲೆಯ ಮೇಲೆ ಹಾಕಿದಾಗ ಬಣ್ಣ ಬಾರದೆ ಅಥವಾ ಬಹಳ ತೆಳುವಾಗಿ ಇದ್ದರೆ ಚಿಂತೆಯಿಲ್ಲ, ಗಾಢವಾದ ಗುಲಾಬಿಯಾದರೆ ಕ್ಷಾರ ಹೆಚ್ಚಾಗಿದೆ. ಬಿಲ್ಲೆಯನ್ನು ಕತ್ತರಿಸಿದಾಗ ಒಳಗೆ ಬಿಳಿಯ ಹರಳೋ ನೀರಿನ ಗುಳಿಯೋ ಕಂಡರೆ ಅಂಥದ್ದನ್ನು ಮೈಗೆ ಮುಟ್ಟಿಸಬಾರದು. ಮೇಲ್ಮೈಯಲ್ಲಿ ಮಾತ್ರ ಬೂದಿ ಬಳಿದಂತೆ ಕಾಣುವ ತೆಳುಪುಡಿ ನಿರಪಾಯಕಾರಿ, ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಆದದ್ದು ಅದು.

ಅರಿಶಿನ ಹಾಕಿದೆ, ಸಾಬೂನು ಕೆಂಪಾಯಿತು. ಏಕೆ?

ಅರಿಶಿನಕ್ಕೆ ಸುಣ್ಣ ಸೇರಿಸಿ ಆರತಿಯ ಕೆಂಪು ನೀರು ಮಾಡುವುದನ್ನು ನೋಡಿದ್ದೀರಲ್ಲವೇ? ಇಲ್ಲಿ ಆಗಿರುವುದೂ ಅದೇ. ಕ್ಷಾರ ತಾಗಿದ ಅರಿಶಿನ ಕೆಂಪಾಗುತ್ತದೆ. ಸಾಬೂನು ಒಣಗುತ್ತಾ ಹೋದಂತೆ ಕಿತ್ತಳೆ ಬಣ್ಣಕ್ಕೆ ತಿರುಗಿ, ಬೆಳಕಿನಲ್ಲಿಟ್ಟರೆ ಕ್ರಮೇಣ ಮಾಸುತ್ತದೆ. 500 ಗ್ರಾಂ ಎಣ್ಣೆಗೆ ಅರ್ಧ ಚಮಚಕ್ಕಿಂತ ಹೆಚ್ಚು ಅರಿಶಿನ ಹಾಕಿದರೆ ಟವೆಲ್ಲಿಗೂ ಬಣ್ಣ ಹತ್ತುತ್ತದೆ. ಗುಲಾಬಿ ದಳ, ದಾಸವಾಳಗಳ ಬಣ್ಣ ಕ್ಷಾರದ ಮುಂದೆ ಉಳಿಯದೆ ಕಂದಾಗುತ್ತದೆ, ಬೇವಿನೆಲೆಯ ಹಸಿರು ಒಣಹುಲ್ಲಿನ ಬಣ್ಣಕ್ಕೆ ಇಳಿಯುತ್ತದೆ. ನೆಚ್ಚಬಹುದಾದ ಬಣ್ಣಗಳೆಂದರೆ ಇದ್ದಿಲಿನ ಕಪ್ಪು, ನೀಲಿ ಗಿಡದಿಂದ ತೆಗೆದ ನೀಲಿ, ಕೆಮ್ಮಣ್ಣಿನ ಕೆಂಪು.

ಹಾಲು, ಜೇನು, ಲೋಳೆಸರ ಸೇರಿಸಬಹುದೇ?

ಸೇರಿಸಬಹುದು, ಆದರೆ ಸಕ್ಕರೆಯ ಅಂಶವಿರುವ ಯಾವುದೇ ವಸ್ತು ಕ್ಷಾರದೊಡನೆ ಸೇರಿ ಕಾಯುತ್ತದೆ. ಹಾಲನ್ನು ನೀರಿನ ಬದಲು ಬಳಸುವುದಾದರೆ ಅಷ್ಟನ್ನೂ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ, ಆ ಗಡ್ಡೆಗಳ ಮೇಲೆ ಕಾಸ್ಟಿಕ್ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಬೇಕು. ಅವಸರ ಮಾಡಿದರೆ ಹಾಲು ಹೊತ್ತಿ ಕಂದುಬಣ್ಣಕ್ಕೆ ತಿರುಗಿ ಮೂಗು ಮುಚ್ಚಿಕೊಳ್ಳುವಂತಹ ವಾಸನೆ ಬರುತ್ತದೆ. ಜೇನು ಒಂದು ಚಮಚ ಸಾಕು. ಲೋಳೆಸರದ ತಿರುಳನ್ನು ಅರೆದು ನೀರಿನ ಒಂದು ಪಾಲಿಗೆ ಬದಲಾಗಿ ಹಾಕಬಹುದು. ಇವುಗಳ ಗುಣ ಕ್ಷಾರವನ್ನು ದಾಟಿ ಎಷ್ಟು ಉಳಿಯುತ್ತದೆಂಬ ವಿಷಯದಲ್ಲಿ ನನಗೆ ಹೆಚ್ಚಿನ ಭರವಸೆಯಿಲ್ಲ. ಲೋಳೆಸರದಿಂದ ಉಪಯೋಗವಾಗಬೇಕಾದರೆ ಅದನ್ನು ನೇರವಾಗಿ ಚರ್ಮಕ್ಕೆ ಹಚ್ಚಿಕೊಳ್ಳುವುದೇ ಮೇಲು.

ಶ್ರೀಗಂಧದ ಪರಿಮಳ ಬರಿಸುವುದು ಹೇಗೆ?

ಗಂಧದ ಪುಡಿ ಹಾಕಿದರೆ ಕಂದುಬಣ್ಣವೂ ಸ್ವಲ್ಪ ತರಿತರಿಯೂ ಬರುತ್ತದೆಯೇ ಹೊರತು ಪರಿಮಳ ಅಷ್ಟಾಗಿ ಬರುವುದಿಲ್ಲ. ಪರಿಮಳಕ್ಕೆ ಗಂಧದೆಣ್ಣೆಯೇ ಬೇಕು. ಮೊದಲ ಮಹಾಯುದ್ಧದಿಂದಾಗಿ ಯುರೋಪಿಗೆ ಶ್ರೀಗಂಧದ ಮರ ಸಾಗಿಸುವುದು ಕಷ್ಟವಾದಾಗ ಮೈಸೂರು ಸಂಸ್ಥಾನವು ಆ ಎಣ್ಣೆಯನ್ನು ಇಲ್ಲಿಯೇ ಬಟ್ಟಿ ಇಳಿಸಲು 1916ರಲ್ಲಿ ಕಾರ್ಖಾನೆ ತೆರೆಯಿತು, ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿದ್ದು ಆ ಎಣ್ಣೆಯಿಂದ. ಇಂದು ಶುದ್ಧ ಗಂಧದೆಣ್ಣೆಯ ಬೆಲೆ ಎಷ್ಟಿದೆಯೆಂದರೆ ಅದನ್ನು ತೊಳೆದು ಬಚ್ಚಲಿಗೆ ಹರಿಸುವ ವಸ್ತುವಿಗೆ ಹಾಕಲು ನನಗೆ ಮನಸ್ಸಾಗುವುದಿಲ್ಲ, ಅಗ್ಗವಾಗಿ ಸಿಕ್ಕಿದರೆ ಅದು ಕಲಬೆರಕೆಯೆಂದೇ ತಿಳಿಯಬೇಕು.

ಲಾವಂಚದೆಣ್ಣೆ ಮತ್ತು ನಿಂಬೆಹುಲ್ಲಿನ ಎಣ್ಣೆ ಸಾಬೂನಿನಲ್ಲಿ ಚೆನ್ನಾಗಿ ನಿಲ್ಲುತ್ತವೆ. ಕಿತ್ತಳೆ, ನಿಂಬೆ ಸಿಪ್ಪೆಯ ಎಣ್ಣೆಗಳ ಪರಿಮಳ ಒಣಗುವಷ್ಟರಲ್ಲೇ ಹಾರಿಹೋಗುತ್ತದೆ. ಎಣ್ಣೆಯ ತೂಕದ ಶೇ. 2ರಷ್ಟು, ಅಂದರೆ 500 ಗ್ರಾಮಿಗೆ 10 ಗ್ರಾಂ, ಸಾಕು. ಲವಂಗದೆಣ್ಣೆ ಮತ್ತು ದಾಲ್ಚಿನ್ನಿ ಎಣ್ಣೆಗಳು ಮಿಶ್ರಣವನ್ನು ಪಾತ್ರೆಯಲ್ಲೇ ಗಟ್ಟಿಗಟ್ಟಿಸುವುದಲ್ಲದೆ ಚರ್ಮಕ್ಕೂ ಉರಿ ತರಬಲ್ಲವಾದ್ದರಿಂದ ಅವು ಮೈ ಸಾಬೂನಿಗೆ ಬೇಡ.

ನಮ್ಮದು ಬೋರ್‌ವೆಲ್ ನೀರು. ನೊರೆಯೇ ಬರುವುದಿಲ್ಲ.

ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಸೇರಿ ಬಕೆಟ್ಟಿನ ಅಂಚಿನಲ್ಲಿ ಕೂರುವ ಬೂದುಬಣ್ಣದ ಜಿಡ್ಡಾಗುತ್ತವೆ. ತೆಂಗಿನೆಣ್ಣೆಯ ಪಾಲು ಹೆಚ್ಚಿಸಿದರೆ ಅಂತಹ ನೀರಿನಲ್ಲಿಯೂ ನೊರೆ ಬರುತ್ತದೆ. ಇನ್ನೊಂದು ಉಪಾಯ ಸಿಟ್ರಿಕ್ ಆಮ್ಲ: 500 ಗ್ರಾಂ ಎಣ್ಣೆಗೆ 10 ಗ್ರಾಂ ಸಿಟ್ರಿಕ್ ಆಮ್ಲವನ್ನು ಮೊದಲು ನೀರಿನಲ್ಲಿ ಕರಗಿಸಿ, ಅದು ನುಂಗಿಹಾಕುವ ಕ್ಷಾರಕ್ಕಾಗಿ 6 ಗ್ರಾಂ ಕಾಸ್ಟಿಕ್ ಸೋಡಾ ಹೆಚ್ಚಿಗೆ ಸೇರಿಸಬೇಕು. ಇದರಿಂದ ಹುಟ್ಟುವ ಸೋಡಿಯಂ ಸಿಟ್ರೇಟ್ ಆ ಲವಣಗಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಸಾಬೂನೇ ಬೇಡ, ಸ್ನಾನದ ಪುಡಿ ಮಾಡಿಕೊಳ್ಳುತ್ತೇವೆ. ಅಳತೆ ಏನು?

ಕಾಸ್ಟಿಕ್ ಸೋಡಾದ ಗೋಜಿಲ್ಲದ, ಎಳೆಯ ಮಕ್ಕಳನ್ನೂ ಕೆಲಸಕ್ಕೆ ಕೂರಿಸಿಕೊಳ್ಳಬಹುದಾದ ವಿಧಾನವಿದು. ದಿನನಿತ್ಯ ಧೂಳಿನಲ್ಲಿ ಓಡಾಡದವರಿಗೆ ಇದೇ ಸಾಕೆಂಬುದು ನನ್ನ ಅಭಿಪ್ರಾಯ. ಹೆಸರುಕಾಳು 500 ಗ್ರಾಂ, ಕಡಲೆಬೇಳೆ 250 ಗ್ರಾಂ, ನೆರಳಿನಲ್ಲಿ ಒಣಗಿಸಿದ ಗುಲಾಬಿ ದಳ 50 ಗ್ರಾಂ, ಕಿತ್ತಳೆ ಸಿಪ್ಪೆ 50 ಗ್ರಾಂ, ಸಣ್ಣಗೆ ಕತ್ತರಿಸಿದ ಲಾವಂಚದ ಬೇರು 50 ಗ್ರಾಂ, ಕಚೋರ 25 ಗ್ರಾಂ, ಕಸ್ತೂರಿ ಅರಿಶಿನ 25 ಗ್ರಾಂ. ಕೊನೆಯ ಮೂರು ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತವೆ. ಅಂಗಡಿಯವರು ಕೆಲವೊಮ್ಮೆ ಬಾವಂಚಿಯನ್ನೂ ಸೇರಿಸಿ ಕಟ್ಟಿಕೊಡುತ್ತಾರೆ. ಅದರಲ್ಲಿರುವ ಸೋರಾಲೆನ್ ಎಂಬ ಅಂಶ ಬಿಸಿಲು ತಾಗಿದಾಗ ಚರ್ಮವನ್ನು ಸುಡುವಂತೆ ಮಾಡಬಲ್ಲದಾದ್ದರಿಂದ ನಾನು ಬೇಡವೆನ್ನುತ್ತೇನೆ.

ಎಲ್ಲವನ್ನೂ ಗರಿಗರಿಯಾಗಿ ಒಣಗಿಸಿ ಗಿರಣಿಗೆ ಕೊಡುವಾಗ ಒಂದು ವಿಷಯ ಮರೆಯಬಾರದು. ನಿಮಗಿಂತ ಮುಂಚೆ ಯಾರಾದರೂ ಬ್ಯಾಡಗಿ ಮೆಣಸಿನಕಾಯಿ ಬೀಸಿಸಿದ್ದರೆ ಆ ಯಂತ್ರಕ್ಕೆ ನಿಮ್ಮ ಪುಡಿಯನ್ನು ಹಾಕಿಸಬೇಡಿ. ನಮ್ಮ ಮನೆಯವರೆಲ್ಲ ಒಂದು ದೀಪಾವಳಿಯ ನರಕ ಚತುರ್ದಶಿಯಂದು ಎಣ್ಣೆ ಹಚ್ಚಿಕೊಂಡು, ಹಂಡೆಯ ಬಿಸಿನೀರು ಹಾಕಿಕೊಂಡು, ಈ ಪುಡಿ ತಿಕ್ಕಿಕೊಂಡ ಮೇಲೆ ಒಬ್ಬರ ನಂತರ ಒಬ್ಬರು ಬಚ್ಚಲಿನಿಂದ ಕೂಗಿದ್ದು ಇನ್ನೂ ನೆನಪಿದೆ. ಅಂದಿನಿಂದ ನಾನು ಅಕ್ಕಿಹಿಟ್ಟು ಬೀಸಿದ ಬೆನ್ನಿಗೇ ನನ್ನ ಸರದಿ ಬರುವಂತೆ ಕಾದು ಕೊಡುತ್ತೇನೆ. ಪುಡಿಯನ್ನು ಒಣ ಡಬ್ಬಿಯಲ್ಲಿಟ್ಟು, ಬೇಕಾದಷ್ಟನ್ನೇ ನೀರಿನಲ್ಲೋ ಮಜ್ಜಿಗೆಯಲ್ಲೋ ಕಲಸಿಕೊಳ್ಳಬೇಕು. ಕಲಸಿದ್ದು ಉಳಿದರೆ ಮರುದಿನಕ್ಕೆ ಇಡಬಾರದು.

ಈ ಸಾಬೂನಿನಲ್ಲೇ ತಲೆ ತೊಳೆದುಕೊಳ್ಳಬಹುದೇ?

ತೊಳೆದುಕೊಳ್ಳಬೇಡಿ ಎನ್ನುತ್ತೇನೆ. ಸಾಬೂನಿನ ಕ್ಷಾರಕ್ಕೆ ಕೂದಲಿನ ಹೊರಪದರ ಎದ್ದು ಒರಟಾಗುತ್ತದೆ, ಗಡಸು ನೀರಾದರೆ ಜಿಡ್ಡು ಮೆತ್ತಿಕೊಂಡು ಬಾಚಣಿಗೆ ಇಳಿಯುವುದಿಲ್ಲ. ಸೀಗೆಕಾಯಿ, ಅಂಟುವಾಳಕಾಯಿಗಳ ನೊರೆಗೆ ಕಾರಣವಾದ ಸಪೋನಿನ್ ಕ್ಷಾರವಿಲ್ಲದೆಯೇ ಜಿಡ್ಡು ತೆಗೆಯುತ್ತದೆ. ಬೀಜ ತೆಗೆದ ಸೀಗೆಕಾಯಿ 500 ಗ್ರಾಂ, ಬೀಜ ತೆಗೆದ ಅಂಟುವಾಳ 100 ಗ್ರಾಂ, ಮೆಂತ್ಯ 100 ಗ್ರಾಂ, ಒಣಗಿಸಿದ ದಾಸವಾಳದ ಸೊಪ್ಪು ಎರಡು ಹಿಡಿ ಸೇರಿಸಿ ಪುಡಿ ಮಾಡಿಟ್ಟುಕೊಳ್ಳಬಹುದು. ಚಿಗರೆಪುಡಿ ಸಿಗುವ ಕಡೆ ಅದನ್ನೂ ಬೆರೆಸುವವರಿದ್ದಾರೆ. ಕಣ್ಣಿಗೆ ಹೋದರೆ ಅಂಟುವಾಳ ವಿಪರೀತ ಉರಿಯುತ್ತದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ದಾಸವಾಳದ ಹಸಿ ಸೊಪ್ಪನ್ನು ನೀರಿನಲ್ಲಿ ಕಿವುಚಿ ತೆಗೆಯುವ ಗೊಂಪು ಇವೆಲ್ಲಕ್ಕಿಂತ ಮೃದು, ಆದರೆ ಅದನ್ನು ಆಗಲೇ ಮಾಡಿ ಆಗಲೇ ಬಳಸಬೇಕು.

ಎಳೆಗೂಸಿಗೆ ಇವುಗಳನ್ನು ಬಳಸಬಹುದೇ?

ಮನೆಯ ಸಾಬೂನು ಬೇಡ; ಎಳೆಯ ಚರ್ಮಕ್ಕೆ 9ರ ಪಿಎಚ್ ಹೆಚ್ಚಾಯಿತು. ಕಡಲೆಹಿಟ್ಟು, ಹೆಸರುಹಿಟ್ಟು ಕೂಡ ಕತ್ತಿನ ಮಡಿಕೆ, ತೊಡೆಸಂದಿಗಳಲ್ಲಿ ಮುದ್ದೆಗಟ್ಟಿ ಉಜ್ಜಿ ಕೆಂಪಾಗಿಸುತ್ತವೆ. ಮಗುವಿನ ವೈದ್ಯರು ಹೇಳಿದ್ದನ್ನು ಬಳಸಿ. ದೊಡ್ಡವರೂ ಹೊಸ ಸಾಬೂನನ್ನಾಗಲಿ ಪುಡಿಯನ್ನಾಗಲಿ ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ಒಂದು ದಿನ ಕಾದು ನೋಡುವುದು ಒಳ್ಳೆಯದು.

ಲೋಷನ್ ಕೂಡ ಮನೆಯಲ್ಲೇ ಮಾಡಬಹುದೇ?

ನೀರು ಸೇರಿದ ಲೋಷನ್‌ನಲ್ಲಿ ಸಂರಕ್ಷಕ ಹಾಕದಿದ್ದರೆ ಕಣ್ಣಿಗೆ ಕಾಣುವ ಮೊದಲೇ ಸೂಕ್ಷ್ಮಜೀವಿಗಳು ಬೆಳೆದಿರುತ್ತವೆ, ಹಾಗಾಗಿ ಹೊಸಬರು ಅದನ್ನು ಕೈಬಿಡಬೇಕು. ನೀರಿಲ್ಲದ ಮುಲಾಮು ಸುಲಭ: ಜೇನುಮೇಣ ಒಂದು ಪಾಲು, ಕೊಬ್ಬರಿ ಎಣ್ಣೆಯೋ ಎಳ್ಳೆಣ್ಣೆಯೋ ನಾಲ್ಕು ಪಾಲು, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ ಡಬ್ಬಿಗೆ ಸುರಿಯುವುದು.

ಮಾಡಿದ್ದನ್ನು ಮಾರಬಹುದೇ?

ನೆಂಟರಿಷ್ಟರಿಗೆ ಉಡುಗೊರೆ ಕೊಡುವುದು ಬೇರೆ, ಹಣ ಪಡೆದು ಮಾರುವುದು ಬೇರೆ. ಸ್ನಾನದ ಸಾಬೂನು ಭಾರತದಲ್ಲಿ ಸೌಂದರ್ಯವರ್ಧಕಗಳ ವರ್ಗಕ್ಕೆ ಸೇರುವುದರಿಂದ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಹಾಗೂ 2020ರ ಸೌಂದರ್ಯವರ್ಧಕ ನಿಯಮಗಳ ಅಡಿಯಲ್ಲಿ ತಯಾರಿಕೆಗೆ ರಾಜ್ಯದ ಪ್ರಾಧಿಕಾರದಿಂದ ಪರವಾನಗಿ ಪಡೆಯಬೇಕು. ಕಜ್ಜಿ, ಇಸುಬು, ಮೊಡವೆ ವಾಸಿಯಾಗುತ್ತದೆಂದು ಚೀಟಿಯ ಮೇಲೆ ಬರೆದರೆ ಆ ವಸ್ತು ಔಷಧದ ಲೆಕ್ಕಕ್ಕೆ ಹೋಗಿ ಬೇರೆಯೇ ನಿಯಮಗಳಿಗೆ ಒಳಪಡಬಹುದು.

ಪುಡಿಯಾದ, ಕ್ಷಾರ ಹೆಚ್ಚಾದ ಸಾಬೂನನ್ನು ಎಸೆಯಬೇಕೇ?

ಎಷ್ಟು ಎಣ್ಣೆ ಕಡಿಮೆಯಾಗಿದೆಯೆಂದು ಖಚಿತವಾಗಿ ಗೊತ್ತಿದ್ದರೆ ಅದನ್ನು ತುರಿದು, ಸ್ವಲ್ಪ ನೀರು ಮತ್ತು ಕೊರತೆಯಾದ ಎಣ್ಣೆಯನ್ನು ಸೇರಿಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಒಂದೆರಡು ಗಂಟೆ ಬೇಯಿಸಿ ಮತ್ತೆ ಅಚ್ಚಿಗೆ ಒತ್ತಬಹುದು. ನೋಡಲು ಒರಟಾಗಿದ್ದರೂ ಬಳಸಲು ಅಡ್ಡಿಯಿಲ್ಲ. ನನ್ನ ಮೊದಲ ಸಾಬೂನಿಗೆ ನಾನು 40 ಗ್ರಾಂ ಎಣ್ಣೆ ಸೇರಿಸಿ ಹೀಗೆಯೇ ಮಾಡಿದೆ. ಕೊರತೆ ಎಷ್ಟೆಂದು ಗೊತ್ತಿಲ್ಲದಿದ್ದರೆ ಆ ಬಿಲ್ಲೆಗಳನ್ನು ಕೈಗವಸು ಹಾಕಿಕೊಂಡು ಬಚ್ಚಲ ಕಲ್ಲು, ನೆಲ ಒರೆಸುವ ಬಟ್ಟೆ ತೊಳೆಯಲು ಬಳಸಿ ಮುಗಿಸಿ.